ಐದು ಮುಖದ ದೇವರಿಗೆ, ಯಾಪಲದಿನ್ನಿಯಿಂದ

ರಾಯಚೂರು ಸೀಮೆಯ ಗಾಣಧಾಳದ ಬಂಡೆಯಲ್ಲಿ ನೆಲೆಗೊಂಡ ಪಂಚಮುಖಿ ಹನುಮಪ್ಪ, ಯಾಪಲದಿನ್ನಿಯ ಎರೆ ಹೊಲಗಳಿಂದ ನಿನಗೆ ಈ ನಿವೇದನೆ. ಮಂತ್ರಾಲಯದ ರಾಯರು ತಪಸ್ಸು ಮಾಡಿದ ಜಾಗವೆಂದು ನಂಬಿ ಶನಿವಾರ ನಿನ್ನ ಗುಡಿಗೆ ಬರುವವರು ಮಳೆ ಬೇಡುತ್ತಾರೆ, ಮಗಳಿಗೆ ಒಳ್ಳೆಯ ಮನೆತನ ಬೇಡುತ್ತಾರೆ, ಕೋರ್ಟಿನ ಕೇಸು ಮುಗಿಯಲೆಂದು ಬೇಡುತ್ತಾರೆ. ನಾನು ಬೇಡುವುದು ನಮ್ಮ ಮಂದಿಗೆ ಒಂದು ಕಣ್ಣು: ಹರಿದಾಡುವ, ಹಾರುವ, ಈಜುವ ಜೀವಗಳಲ್ಲಿ ಯಾವುದು ಯಾವುದರ ಬಳಗ ಎಂದು ತಿಳಿಯುವ ಕಣ್ಣು. ಇದನ್ನು ನಿನ್ನ ಹತ್ತಿರವೇ ಕೇಳಬೇಕು. ವಾನರ, ಸಿಂಹ, ಗರುಡ, ವರಾಹ, ಕುದುರೆ ಎಂಬ ಐದು ಮುಖಗಳನ್ನು ಒಂದೇ ಮೈಯಲ್ಲಿ ಹೊತ್ತು ನಿಂತವನು ಈ ಸೀಮೆಯಲ್ಲಿ ನೀನೊಬ್ಬನೇ.

ನಿನ್ನ ಮುಖಗಳ ಮುಂದೆ ಕೈಮುಗಿದು ನಿಂತಾಗಲೇ ನನಗೆ ಈ ವಿದ್ಯೆಯ ಮೊದಲ ಪಾಠ ಹೊಳೆಯುತ್ತದೆ. ವಾನರನ ಕಣ್ಣುಗಳು ಎದುರಿಗೆ ನೋಡುತ್ತವೆ, ಹೆಬ್ಬೆರಳು ಕೊಂಬೆಯನ್ನು ಹಿಡಿಯುತ್ತದೆ, ಬೆರಳ ತುದಿಯಲ್ಲಿ ನಮ್ಮದರಂಥ ಚಪ್ಪಟೆ ಉಗುರು. ಈ ಗುರುತುಗಳುಳ್ಳ ಜೀವಗಳನ್ನು ವಿಜ್ಞಾನಿಗಳು ಪ್ರೈಮೇಟ್ ಎಂಬ ಗಣದಲ್ಲಿ ಇಟ್ಟರು, ಮನುಷ್ಯನನ್ನೂ ಅಲ್ಲೇ ಕೂರಿಸಿದರು. ನಮ್ಮ ಕಡೆಯ ಮಂದಿಗೆ ಇಲ್ಲಿ ಅರ್ಧ ದಾರಿ ಮೊದಲೇ ಗೊತ್ತಿತ್ತು. ಕರಿ ಮಾರಿಯ, ಉದ್ದ ಬಾಲದ ಮುಸ್ಯಾ ಬೇರೆ, ಕೆಂಪು ಮಾರಿಯ ಮಂಗ್ಯಾ ಬೇರೆ ಎಂದು ಅವರು ಹಿಂದಿನಿಂದಲೂ ಎರಡು ಹೆಸರಿಟ್ಟುಕೊಂಡಿದ್ದಾರೆ. ಮಂಗ್ಯಾ ಕೈಗೆ ಸಿಕ್ಕ ಶೇಂಗಾವನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಓಡುತ್ತದೆ. ಮುಸ್ಯಾಕ್ಕೆ ಆ ಚೀಲವಿಲ್ಲ. ಅದಕ್ಕಿರುವುದು ಬರೀ ಎಲೆಯನ್ನೂ ಅರಗಿಸಬಲ್ಲ, ಹಲವು ಕೋಣೆಗಳ ಹೊಟ್ಟೆ. ವಿಜ್ಞಾನ ಈ ಎರಡನ್ನೂ ಎರಡು ಉಪಕುಟುಂಬಗಳಲ್ಲಿ ಇಟ್ಟಿರುವುದು ಇದೇ ಗುರುತುಗಳ ಮೇಲೆ.

ವರಾಹ ಮತ್ತು ಕುದುರೆಯ ಮುಖಗಳಿಗೆ ಬಂದರೆ ಪಾಠ ಕಠಿಣವಾಗುತ್ತದೆ. ಎರಡಕ್ಕೂ ಗೊರಸಿದೆ. ಆದರೆ ಮಳೆ ಬಿದ್ದ ಮೇಲೆ ಕೆಸರಿನ ದಾರಿಯಲ್ಲಿ ಹೆಜ್ಜೆ ನೋಡಿದರೆ ಕುದುರೆಯದು ಒಂದೇ ಗೊರಸು, ಹಂದಿಯದು ಸೀಳು ಗೊರಸು. 1848ರಲ್ಲಿ ರಿಚರ್ಡ್ ಓವೆನ್ ಎಂಬ ಇಂಗ್ಲಿಷ್ ಅಂಗರಚನಾ ಪಂಡಿತ ಗೊರಸಿನ ಪ್ರಾಣಿಗಳನ್ನು ಬೆರಳಿನ ಲೆಕ್ಕದ ಮೇಲೆ ಎರಡು ಮಾಡಿದ. ಕುದುರೆ, ಕತ್ತೆ, ಘೇಂಡಾಮೃಗ ಒಂದು ಕಡೆ. ಹಂದಿ, ಆಕಳು, ಎಮ್ಮೆ, ಆಡು, ಕುರಿ, ಒಂಟೆ ಇನ್ನೊಂದು ಕಡೆ. ಹಾಗಾಗಿ ನಮ್ಮ ಕೊಟ್ಟಿಗೆಯ ಎತ್ತಿಗೆ, ಅದರ ಜೊತೆ ಗಾಡಿ ಎಳೆಯಬಲ್ಲ ಕುದುರೆಗಿಂತ, ಹಳ್ಳದ ದಂಡೆಯಲ್ಲಿ ಮಣ್ಣು ಕೆದರುವ ಹಂದಿಯೇ ಹತ್ತಿರದ ಬಂಧು. ಇದೇ ಸೀಳು ಗೊರಸಿನ ಬಳಗಕ್ಕೆ ಸಮುದ್ರದ ತಿಮಿಂಗಿಲವೂ ಸೇರುತ್ತದೆ ಎಂದರೆ ನಂಬುವುದು ಕಷ್ಟ. ಅದಕ್ಕೆ ಸಾಕ್ಷಿ ನಮ್ಮ ದೇಶದ ನೆಲದಿಂದಲೇ ಬಂತು. ಜಮ್ಮು-ಕಾಶ್ಮೀರದ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿಟ್ಟಿದ್ದ ಕಲ್ಲುಗಳನ್ನು ಬಿಡಿಸಿದಾಗ ಇಂಡೋಹಯಸ್ ಎಂಬ, ಬೆಕ್ಕಿನಷ್ಟೇ ಗಾತ್ರದ ಗೊರಸಿನ ಪ್ರಾಣಿಯ ಎಲುಬು ಸಿಕ್ಕವು. ಅದರ ಕಿವಿಯ ಎಲುಬು ತಿಮಿಂಗಿಲದ್ದರಂತಿತ್ತು, ಹಿಮ್ಮಡಿಯ ಎಲುಬು ಆಡು ಹಂದಿಗಳದ್ದರಂತಿತ್ತು. 2007ರಲ್ಲಿ ಈ ವಿಷಯ ಪ್ರಕಟವಾಯಿತು. ಹನುಮಪ್ಪ, ಸಮುದ್ರವನ್ನು ಒಂದೇ ನೆಗೆತಕ್ಕೆ ದಾಟಿದವನು ನೀನು. ಆ ಪುಟ್ಟ ಪ್ರಾಣಿಯ ಬಳಗ ನೀರಿನಲ್ಲಿ ನೆಲೆಯೂರಲು ಲಕ್ಷಾಂತರ ವರ್ಷ ತೆಗೆದುಕೊಂಡಿತು. ಎರಡಕ್ಕೂ ಕೈಮುಗಿಯುತ್ತೇನೆ.

ಜೀವಗಳನ್ನು ಗುಂಪು ಮಾಡುವ ಆಸೆ ಹೊಸದಲ್ಲ. ಗರ್ಭಚೀಲದಿಂದ ಹುಟ್ಟುವುದು ಜರಾಯುಜ, ತತ್ತಿಯಿಂದ ಹುಟ್ಟುವುದು ಅಂಡಜ, ಬೆವರಿನಿಂದ ಹುಟ್ಟುವುದು ಸ್ವೇದಜ, ನೆಲ ಸೀಳಿ ಏಳುವುದು ಉದ್ಭಿಜ್ಜ ಎಂದು ನಮ್ಮ ಹಿರಿಯರು ಎಣಿಸಿದರು. ಜೈನರು ಇಂದ್ರಿಯಗಳನ್ನು ಲೆಕ್ಕ ಹಿಡಿದು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ವಿಂಗಡಿಸಿದರು. ಗ್ರೀಸಿನ ಅರಿಸ್ಟಾಟಲ್ ರಕ್ತವುಳ್ಳವು, ರಕ್ತವಿಲ್ಲದವು ಎಂದು ಎರಡು ಮಾಡಿದ. ಇವತ್ತು ನಾವು ಬಳಸುವ ಪದ್ಧತಿಯನ್ನು ಕಟ್ಟಿದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. 1758ರಲ್ಲಿ ಬಂದ ಅವನ ಗ್ರಂಥದ ಹತ್ತನೆಯ ಆವೃತ್ತಿಯಿಂದಲೇ ಪ್ರಾಣಿಗಳ ಶಾಸ್ತ್ರೀಯ ಹೆಸರುಗಳು ಲೆಕ್ಕಕ್ಕೆ ಹಿಡಿಯಲ್ಪಡುತ್ತವೆ. ಜಾತಿಗೆ ಒಂದು, ಪ್ರಭೇದಕ್ಕೆ ಒಂದು, ಹೀಗೆ ಎರಡು ಪದದ ಹೆಸರು. ನಾಗರಹಾವನ್ನು ನಾಜಾ ನಾಜಾ ಎಂದು ಕರೆಯುವುದು ಆ ಹೊತ್ತಗೆಯ ಹೆಸರಿನ ಮೇಲೆ. ಲಿನೇಯಸ್ ಉಪ್ಸಾಲಾದಲ್ಲಿ ಹೀಗೆ ಜೀವರಾಶಿಯನ್ನು ಜೋಡಿಸುತ್ತಿದ್ದ ಕಾಲಕ್ಕೆ ನಮ್ಮ ಮಾನ್ವಿಯ ಸೀಮೆಯಲ್ಲಿ ಜಗನ್ನಾಥದಾಸರು ಬಾಳುತ್ತಿದ್ದರು. ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿ 1809ರವರೆಗೆ ಇದ್ದ ದಾಸರು ಹರಿಕಥಾಮೃತಸಾರದಲ್ಲಿ ತಾರತಮ್ಯವನ್ನು ಹಾಡಿದರು. ಅದು ಮುಕ್ತಿಯ ದಾರಿಯ ಲೆಕ್ಕ. ಅದನ್ನು ಪ್ರಾಣಿಶಾಸ್ತ್ರದ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ಇಬ್ಬರೂ ಈ ಲೋಕದ ನಾನಾತ್ವವನ್ನು ಕಂಡು ಬೆರಗಾದವರು, ಅದರಲ್ಲಿ ಒಂದು ಕ್ರಮವಿದೆ ಎಂದು ನಂಬಿದವರು ಎನ್ನುವುದು ನನಗೆ ದೊಡ್ಡ ಸಮಾಧಾನ.

ಲಿನೇಯಸ್ ಕೂಡ ಎಲ್ಲವನ್ನೂ ಬಿಡಿಸಲಾರದೆ ಹೋದ. ಅದೇ 1758ರ ಹೊತ್ತಗೆಯಲ್ಲಿ ಬಾವಲಿಯನ್ನು ಮನುಷ್ಯನ ಪಕ್ಕದಲ್ಲಿ, ಪ್ರೈಮೇಟ್ ಗಣದಲ್ಲಿ ಇಟ್ಟ. ಶಂಖದ ಹುಳ, ಎರೆಹುಳ, ಸಮುದ್ರದ ಲೋಳೆಮೀನು ಎಲ್ಲವನ್ನೂ 'ಹುಳು' ಎಂಬ ಒಂದೇ ವರ್ಗದಲ್ಲಿ ತುಂಬಿದ. ನಮ್ಮೂರಲ್ಲಿ ಹತ್ತಿಯ ಕಾಯಿ ಕೊರೆಯುವುದೂ ಹುಳ, ಮಣ್ಣು ಹದ ಮಾಡುವುದೂ ಹುಳ, ಕತ್ತಲಾದ ಮೇಲೆ ಹಾವೂ ಹುಳ. ಹೆಸರು ಹಿಡಿದರೆ ಬರುತ್ತದೆಂಬ ಭಯಕ್ಕೆ 'ಹುಳ ಮುಟ್ಟೈತಿ' ಎನ್ನುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಹುಳ ಎಂಬ ಒಂದೇ ಮಾತಿನೊಳಗೆ ಎಲ್ಲವನ್ನೂ ಬಿಟ್ಟುಬಿಡುವುದರಿಂದ ನಮ್ಮ ಹೊಲ ಎಷ್ಟು ಸೋತಿದೆ ಎಂಬುದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಮೆಣಸಿನಕಾಯಿ ಹೊಲಕ್ಕೆ ಬಾ ತಂದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಗೆ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗಕ್ಕೆ ಬಂದ ಮೇಲೆ ಈ ಕಡೆ ಮೆಣಸಿನಕಾಯಿ ದೊಡ್ಡ ಆಸೆಯ ಬೆಳೆಯಾಯಿತು, ದೊಡ್ಡ ಸಾಲದ ಬೆಳೆಯೂ ಆಯಿತು. ಗಿಡ ಹೂವಿಗೆ ಬರುವ ಹೊತ್ತಿಗೆ ಎಲೆ ಮುದುಡುತ್ತದೆ. ರೈತ ಮುಟುರು ರೋಗ ಎನ್ನುತ್ತಾನೆ, ಗೊಬ್ಬರದ ಅಂಗಡಿಗೆ ಓಡುತ್ತಾನೆ. 'ನುಸಿ ಬಿದ್ದೈತಿ, ಎಣ್ಣಿ ಕೊಡ್ರಿ' ಎಂದು ಕೀಟನಾಶಕ ಕೇಳುತ್ತಾನೆ. ಸೋಲು ಶುರುವಾಗುವುದು ಇಲ್ಲಿಂದಲೇ. ನುಸಿ ಎಂದು ಕರೆಯುವ ಎರಡು ಜೀವಗಳು ಆ ಎಲೆಯ ಹಿಂದೆ ಇವೆ, ಅವೆರಡೂ ಒಂದಕ್ಕೊಂದು ಹತ್ತಿರದ ಬಂಧುಗಳೇ ಅಲ್ಲ.

ಒಂದು ಥ್ರಿಪ್ಸ್ ನುಸಿ. ಅದಕ್ಕೆ ಆರು ಕಾಲು. ಅದು ಕೀಟ, ಅಂದರೆ ಜೇನು, ಇರುವೆ, ಚಿಟ್ಟೆಗಳ ವರ್ಗ. ಅದರ ರೆಕ್ಕೆ ಅಂಚಿಗೆ ಕೂದಲು ಹೆಣೆದ ಕುಚ್ಚಿನಂತೆ ಇರುತ್ತದೆ. ಥ್ರಿಪ್ಸ್‌ಗಳೆಲ್ಲವನ್ನೂ ಒಂದೇ ಗಣಕ್ಕೆ ಸೇರಿಸುವ ಇನ್ನೊಂದು ಗುರುತು ಕೇಳಿದರೆ ಯಾರಿಗಾದರೂ ಅಚ್ಚರಿಯಾದೀತು: ಬಾಯಿಯ ಎಡ ದವಡೆ ಮಾತ್ರ ಬೆಳೆಯುತ್ತದೆ, ಬಲದ್ದು ಬೆಳೆಯುವುದಿಲ್ಲ. ಆ ಒಂಟಿ ದವಡೆಯಿಂದ ಎಲೆಯನ್ನು ಚುಚ್ಚಿ ರಸ ಹೀರುತ್ತದೆ. ಇನ್ನೊಂದು ಮೈಟ್ ನುಸಿ. ಬೆಳೆದದ್ದಕ್ಕೆ ಎಂಟು ಕಾಲು, ರೆಕ್ಕೆ ಇಲ್ಲವೇ ಇಲ್ಲ. ಅದು ಕೀಟವೇ ಅಲ್ಲ. ಜೇಡ, ಚೇಳು, ಎತ್ತಿನ ಮೈಮೇಲಿನ ಉಣ್ಣಿ ಇವೆಲ್ಲ ಅದರ ಬಳಗ. ಬರಿಗಣ್ಣಿಗೆ ಎರಡೂ ಧೂಳಿನಷ್ಟು. ಆದರೆ ಗಿಡ ತಾನೇ ಗುರುತು ಹೇಳುತ್ತದೆ. ಥ್ರಿಪ್ಸ್ ಹತ್ತಿದರೆ ಎಲೆಯ ಅಂಚು ಮೇಲಕ್ಕೆ ಮುದುಡುತ್ತದೆ, ಮೈಟ್ ಹತ್ತಿದರೆ ಕೆಳಕ್ಕೆ ಮುದುಡುತ್ತದೆ. ಕೀಟ ಕೊಲ್ಲಲು ಮಾಡಿದ ಅನೇಕ ಔಷಧಗಳು ಮೈಟನ್ನು ಮುಟ್ಟುವುದಿಲ್ಲ. ಅಷ್ಟೇ ಆಗಿದ್ದರೆ ಬರೀ ದುಡ್ಡಿನ ನಷ್ಟ. ಮೈಟನ್ನು ತಿಂದು ಬದುಕುವ ಪುಟ್ಟ ಬೇಟೆಗಾರ ಜೀವಗಳು ಆ ಔಷಧಕ್ಕೆ ಸತ್ತು, ಮೈಟ್ ಇನ್ನೂ ಹೆಚ್ಚುತ್ತದೆ. ಹೊಡೆದಷ್ಟೂ ರೋಗ, ರೋಗ ಕಂಡಷ್ಟೂ ಹೊಡೆತ. ಎಂಟು ಕಾಲಿನದನ್ನು ಆರು ಕಾಲಿನದರ ಗುಂಪಿಗೆ ಸೇರಿಸಿದ ತಪ್ಪಿಗೆ ನಮ್ಮ ರೈತ ತನ್ನ ವರ್ಷವನ್ನೇ ದಂಡ ತೆತ್ತಿದ್ದಾನೆ.

ಥ್ರಿಪ್ಸ್ ಒಳಗೂ ಮತ್ತೆ ವಿಂಗಡಣೆ ಇದೆ. ಎಲೆ ಮುದುಡಿಸುವ ಹಳೆಯ ಥ್ರಿಪ್ಸ್ ನಮಗೆ ಪರಿಚಿತ. 2021ರ ಕೊನೆಗೆ ರಾಯಚೂರಿನ ಕಡೆಗೂ, ತೆಲಂಗಾಣ ಆಂಧ್ರದ ಹೊಲಗಳಿಗೂ ಕಪ್ಪು ಥ್ರಿಪ್ಸ್ ನುಗ್ಗಿತು. ಅದು ಹೂವಿನೊಳಗೇ ಕೂತು ತಿಂದಿತು, ಹೂ ಉದುರಿತು, ಕಾಯಿ ಕಟ್ಟಲಿಲ್ಲ. ಹಳೆಯದಕ್ಕೆ ಹೊಡೆಯುತ್ತಿದ್ದ ಎಣ್ಣೆಯನ್ನೇ ಮತ್ತೆ ಮತ್ತೆ ಹೊಡೆದು ಸಾಲ ಬೆಳೆಸಿಕೊಂಡವರು ಎಷ್ಟೋ. ಅದು ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಆಗ್ನೇಯ ಏಷ್ಯಾದ ಪ್ರಭೇದ. 2015ರಲ್ಲಿಯೇ ಬೆಂಗಳೂರಿನ ಪಪ್ಪಾಯಿ ಗಿಡದ ಮೇಲೆ ಅದನ್ನು ಗುರುತಿಸಿ ಬರೆದಿಟ್ಟಿದ್ದರು. ಆ ಗುರುತು ಹಚ್ಚಿದವರು ಸೂಕ್ಷ್ಮದರ್ಶಕದ ಕೆಳಗೆ ಮೀಸೆಯ ಗಂಟುಗಳನ್ನು, ಮೈಮೇಲಿನ ಕೂದಲುಗಳನ್ನು ಎಣಿಸಿದವರು. ಅಂಥ ಕೆಲಸಕ್ಕೆ ಹೊಲದಲ್ಲಿ ಚಪ್ಪಾಳೆ ಸಿಗುವುದಿಲ್ಲ. ಆದರೆ ಬೆಂಗಳೂರಿನ ಪಪ್ಪಾಯಿಯಲ್ಲಿ ಬರೆದಿಟ್ಟ ಆ ಹೆಸರು ಆರು ವರ್ಷದಲ್ಲಿ ಯಾಪಲದಿನ್ನಿಯ ಬದುವಿಗೆ ಮುಟ್ಟಬೇಕಿತ್ತು. ಮುಟ್ಟಲಿಲ್ಲ. ಹನುಮಪ್ಪ, ಸುದ್ದಿ ಹೊತ್ತು ತರುವುದು ನಿನಗೆ ಒಪ್ಪಿದ ಕೆಲಸ. ಇಂಥ ಸುದ್ದಿ ಕಾಲಕ್ಕೆ ಸರಿಯಾಗಿ ನಮ್ಮ ಹೊಲಕ್ಕೆ ಬರುವ ದಾರಿ ತೆರೆದುಕೊಡು.

ನಿನ್ನ ಗರುಡಮುಖವನ್ನು ನೋಡಿದರೆ ನನಗೆ ಕೃಷ್ಣೆಯ ಮೊಸಳೆ ನೆನಪಾಗುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಯನ್ನು ನೋಡಿದವರು ಅದನ್ನು ಓತಿಕ್ಯಾತ, ಹಲ್ಲಿಗಳ ಹಿರಿಯಣ್ಣ ಎಂದುಕೊಳ್ಳುತ್ತಾರೆ. ಶಾಲೆಯ ಪಾಠದಲ್ಲೂ ಸರೀಸೃಪ ಎಂದು ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಆದರೆ ಡಾರ್ವಿನ್ ತನ್ನ 1859ರ ಹೊತ್ತಗೆಯಲ್ಲಿ ಒಂದೇ ಒಂದು ಚಿತ್ರ ಹಾಕಿದ. ಕವಲೊಡೆಯುತ್ತ ಹೋಗುವ ಗೆರೆಗಳ ಚಿತ್ರ. ಗುಂಪು ಮಾಡುವುದೆಂದರೆ ವಂಶ ಹುಡುಕುವುದು ಎಂದು ಅವನು ಹೇಳಿದ. 1950ರಲ್ಲಿ ಜರ್ಮನಿಯ ವಿಲ್ಲಿ ಹೆನ್ನಿಗ್ ಅದಕ್ಕೆ ಕಟ್ಟುನಿಟ್ಟಿನ ನಿಯಮ ಬರೆದ: ಒಬ್ಬ ಪೂರ್ವಜನಿಂದ ಬಂದವರೆಲ್ಲ ಒಂದೇ ಗುಂಪಿನಲ್ಲಿರಬೇಕು, ಒಬ್ಬರನ್ನೂ ಹೊರಗಿಡಬಾರದು. ಆ ಲೆಕ್ಕದಲ್ಲಿ ಮೊಸಳೆಗೆ ಹಲ್ಲಿಗಿಂತ ಹಕ್ಕಿಯೇ ಹತ್ತಿರ. ನಾಲ್ಕು ಕೋಣೆಯ ಗುಂಡಿಗೆ ಎರಡಕ್ಕೂ ಇದೆ. ಗೂಡು ಕಟ್ಟಿ ತತ್ತಿ ಕಾಯುವ ಗುಣ ಎರಡಕ್ಕೂ ಇದೆ. ಗರುಡನೂ ಕೃಷ್ಣೆಯ ಮೊಸಳೆಯೂ ಒಂದು ಹಳೆಯ ಮನೆಯಿಂದ ಕವಲೊಡೆದವರು. ಒಬ್ಬರನ್ನೂ ಹೊರಗಿಡಬಾರದು ಎಂಬ ಆ ನಿಯಮವನ್ನು ಓದಿದಾಗೆಲ್ಲ ನನಗೆ ಅದು ಬರೀ ಪ್ರಾಣಿಶಾಸ್ತ್ರದ ಮಾತಾಗಿ ಕೇಳುವುದಿಲ್ಲ.

ಕೃಷ್ಣೆಯ ಮೊಸಳೆಯಿಂದ ಮೀನಿನ ಹೆಸರುಗಳಿಗೆ ಬರುತ್ತೇನೆ. ಭೀಮೆ ನಮ್ಮ ಜಿಲ್ಲೆಯ ಉತ್ತರಕ್ಕೆ ಕೃಷ್ಣೆಯನ್ನು ಕೂಡುತ್ತಾಳೆ. ಆ ಭೀಮೆಯ ಮೇಲ್ದಂಡೆಯ ಮೀನುಗಾರರು ಕರೆಯುತ್ತಿದ್ದ ಹೆಸರುಗಳನ್ನೇ ಎತ್ತಿಕೊಂಡು ಕರ್ನಲ್ ಸೈಕ್ಸ್ ಎಂಬಾತ 1839ರಲ್ಲಿ ದಖ್ಖನಿನ ಮೀನುಗಳಿಗೆ ಶಾಸ್ತ್ರೀಯ ಹೆಸರಿಟ್ಟ. ಸಂದ್‌ಖೋಲ್, ನುಕ್ತಾ, ಕೋಲಸ್, ಶಿಂಗಾಳಾ. ಲ್ಯಾಟಿನ್ನಿನ ಪಕ್ಕದಲ್ಲಿ ಮೀನುಗಾರರ ಆ ಮಾತುಗಳು ಇನ್ನೂ ನಿಂತಿವೆ. ಮೀನು ಮಾತ್ರ ಹಾಗೆ ನಿಂತಿಲ್ಲ; ಸಂದ್‌ಖೋಲ್ ಅಳಿವಿನಂಚಿನ ಪಟ್ಟಿಯಲ್ಲಿದೆ.

ಹೆಸರಿನ ಮಾತು ಬಂದಿತಲ್ಲ, ನಮ್ಮಂಥದೇ ಎರೆ ನೆಲದ ಒಂದು ಕತೆಯನ್ನು ನಿನ್ನ ಮುಂದೆ ಇಡಲೇಬೇಕು. ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಅಲ್ಲಿನ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಪ್ರಾಣಿಗಳಿಗೆ ಆ ನೆಲದ ಭಾಷೆಗಳ ಹೆಸರುಗಳನ್ನೂ ಬರೆದ. ಎರೆ ಹೊಲದ ಬಿರುಕುಗಳಲ್ಲಿ ಬಾಳುವ ಒಂದು ಇಲಿಯ ವಿಷಯ ಅದರಲ್ಲಿದೆ. ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟಾಗ ಅವು ಅಲ್ಲಿ ಸೇರುತ್ತವೆ. ಮುಂಗಾರು ಬಿದ್ದು ಬಿರುಕು ಮುಚ್ಚಿದಾಗ ಬಹಳಷ್ಟು ಸಾಯುತ್ತವೆ. 1826ರಲ್ಲಿ ಮೊದಲ ಮಳೆ ಕೈಕೊಟ್ಟಿತು, ಬಿರುಕು ಮುಚ್ಚಲಿಲ್ಲ, ಇಲಿ ಉಕ್ಕಿಬಂತು. ಬಿತ್ತಿದ ಕಾಳು ತಿಂದವು, ಜೋಳದ ದಂಟು ಹತ್ತಿ ತೆನೆ ಕಡಿದವು. ರೈತರು ಕಂದಾಯ ಕಟ್ಟಲಾಗದಷ್ಟು ಹಾಳಾದರು. ಇಲಿ ಹಿಡಿಯಲು ಕರೆದದ್ದು ವಡ್ಡರನ್ನು, ಡಜನ್ನುಗಳ ಲೆಕ್ಕಕ್ಕೆ ಇಷ್ಟು ಕಾಳು ಎಂಬ ಕೂಲಿಗೆ. ಯಾವ ಇಲಿ ಬಿರುಕಿನದು, ಯಾವುದು ಪೊದೆಯದು, ಯಾವುದು ಬದುವಿನದು ಎಂದು ಬೇರೆ ಬೇರೆ ಹೆಸರಿನಿಂದ ಬಲ್ಲವರು ಕೆರೆ ತೋಡುವ, ಕಲ್ಲು ಒಡೆಯುವ ಆ ಮಂದಿಯೇ. ಅವರು ಆ ಇಲಿಯನ್ನು ಮೆಟ್ಟಾಡೆ ಎನ್ನುತ್ತಿದ್ದರು. ಲಂಡನ್ನಿನಲ್ಲಿ ಅದಕ್ಕೆ 1837ರಲ್ಲಿ ಕೊಟ್ಟ ಹೆಸರು ಮೆಲ್ಟಾಡಾ. ಪೊದೆಯ ಇಲಿಗೆ ಎಲಿಯಟ್ ಬರೆದುಕೊಂಡಿದ್ದ ಕನ್ನಡದ ಮಾತು ಗೋಲುಂಡಾ ಎಂಬ ಜಾತಿಯ ಹೆಸರಾಗಿ ಇಂದಿಗೂ ಉಳಿದಿದೆ. ಲೋಕ ಕೆಳಗೆ ಕೂರಿಸಿದವರ ತಿಳಿವಳಿಕೆ ಶಾಸ್ತ್ರದ ತಲೆಬರಹವಾಯಿತು. ಆ ತಿಳಿವಳಿಕೆ ಕೊಟ್ಟ ಒಬ್ಬ ವಡ್ಡರವನ ಹೆಸರೂ ಆ ಪಟ್ಟಿಯ ಜೊತೆ ನಮಗೆ ಬಂದಿಲ್ಲ. ಆ ಹೆಸರಿಲ್ಲದವರ ಪರವಾಗಿಯೂ ಇದು ನನ್ನ ನಿವೇದನೆ.

ಈ ವಿದ್ಯೆ ದಾರಿ ತಪ್ಪಿದ್ದನ್ನೂ ನಿನ್ನಿಂದ ಮುಚ್ಚಿಡಲಾರೆ. ಮನುಷ್ಯನಿಗೆ ಹೋಮೋ ಸೇಪಿಯನ್ಸ್ ಎಂದು ಹೆಸರಿಟ್ಟ ಲಿನೇಯಸ್ ಅದೇ ಹೊತ್ತಗೆಯಲ್ಲಿ ಮನುಷ್ಯರನ್ನು ಖಂಡದ ಮೇಲೆ, ಚರ್ಮದ ಬಣ್ಣದ ಮೇಲೆ ನಾಲ್ಕು ಮಾಡಿದ. ಒಂದು ಗುಂಪಿಗೆ ಜಾಣತನ, ಇನ್ನೊಂದಕ್ಕೆ ಸೋಮಾರಿತನ ಹಂಚಿದ. ಅದರ ಬೆನ್ನ ಮೇಲೆ ಎರಡು ಶತಮಾನಗಳ ಅನ್ಯಾಯ ಸವಾರಿ ಮಾಡಿತು. ನಮ್ಮ ಸೀಮೆಗೆ ಅದನ್ನು ಕಲಿಸಲು ಸ್ವೀಡನ್ನಿನವನು ಬರಬೇಕಾಗಿರಲಿಲ್ಲ. ಬಾವಿಯ ಹಗ್ಗ, ಹೋಟೆಲಿನ ಲೋಟ, ಗುಡಿಯ ಹೊಸ್ತಿಲು ಎಲ್ಲವನ್ನೂ ನಾವೇ ಗುಂಪು ಮಾಡಿಕೊಂಡವರು. ಯಾವುದೇ ಇಬ್ಬರು ಮನುಷ್ಯರ ಡಿಎನ್‌ಎ ಶೇಕಡಾ 99.9ರಷ್ಟು ಒಂದೇ ಎಂದು ತೋರಿಸಿಕೊಟ್ಟದ್ದೂ ಇದೇ ಜೀವಶಾಸ್ತ್ರ. ಪ್ರಾಣಿಗಳ ವಿಂಗಡಣೆ ನಿಂತಿರುವುದು ರಕ್ತಸಂಬಂಧದ ಮೇಲೆ. ಅದರಲ್ಲಿ ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಇಲ್ಲ. ಮೈಟ್ ನುಸಿಯೂ ಸಿಂಹವೂ ಇವತ್ತಿನವರೆಗೆ ಬದುಕಿ ಬಂದ ಎರಡು ಕವಲು ಅಷ್ಟೆ. ಪ್ರಾಣಿಗಳಲ್ಲಿ ಭೇದ ಕಾಣುವ ಕಣ್ಣನ್ನು ನಮಗೆ ಕೊಡುವಾಗ, ಮನುಷ್ಯರಲ್ಲಿ ಭೇದ ಹುಡುಕುವ ಕಣ್ಣನ್ನು ಕಿತ್ತುಕೋ ತಂದೆ.

ನಿನ್ನ ಕುದುರೆಮುಖಕ್ಕೆ ಇನ್ನೊಂದು ಮಾತು. ಹೊಲದಲ್ಲಿ ಹಾವು ಕಡಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಕುದುರೆಯ ರಕ್ತದಿಂದ ಬರುತ್ತದೆ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ ಮದ್ದು. ಮಣ್ಣುಮುಕ್ಕ ಹಾವಿಗೆ ವಿಷವೇ ಇಲ್ಲ, ಆದರೂ ಕೊಳಕುಮಂಡಲವೆಂದು ಬಡಿಗೆ ಏಟಿಗೆ ಸಾಯುತ್ತದೆ. ಹೊಲದ ಇಲಿ ತಿನ್ನುವ ಕೇರೆಯೂ ಹಾಗೆಯೇ ಸಾಯುತ್ತದೆ. ಕೊಲ್ಲುವ ಕೈಗೂ ಕಡಿಸಿಕೊಂಡ ಕಾಲಿಗೂ ಈ ವಿದ್ಯೆ ಬೇಕು. ಕಡಿಸಿಕೊಂಡವರು ಹಾವನ್ನು ಹುಡುಕುತ್ತ ನಿಲ್ಲದೆ, ಮಂತ್ರ ಹಾಕಿಸಲು ಹೋಗದೆ ನೇರ ಆಸ್ಪತ್ರೆಗೆ ಹೋಗುವ ಬುದ್ಧಿಯನ್ನೂ ಅದರ ಜೊತೆ ಕೊಡು.

ಭಾರತದ ಪ್ರಾಣಿ ಸರ್ವೇಕ್ಷಣಾಲಯ 2024ರಲ್ಲಿ ದೇಶದ ಪ್ರಾಣಿಗಳ ಪಟ್ಟಿ ಮಾಡಿ 1,04,561 ಪ್ರಭೇದಗಳನ್ನು ಲೆಕ್ಕ ಕೊಟ್ಟಿತು. 1916ರಲ್ಲಿ ಶುರುವಾದ ಆ ಸಂಸ್ಥೆಯ ಒಂದು ಶತಮಾನದ ದುಡಿಮೆ ಅದರ ಹಿಂದಿದೆ. ಅಷ್ಟು ಜೀವಗಳನ್ನು ಗುರುತಿಸಬಲ್ಲವರು ಬೆರಳೆಣಿಕೆಯ ಮಂದಿ. ಒಂದು ಥ್ರಿಪ್ಸ್ ಗುಂಪಿಗೆ, ಒಂದು ಜೇಡದ ಕುಟುಂಬಕ್ಕೆ ಇಡೀ ಆಯುಷ್ಯ ಕೊಟ್ಟವರು ನಿವೃತ್ತರಾಗುತ್ತಾರೆ, ಆ ಕುರ್ಚಿಗೆ ಮುಂದಿನವರು ಬರುವುದಿಲ್ಲ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಯಾಪಲದಿನ್ನಿ, ದೇವದುರ್ಗ, ಮಾನ್ವಿಯ ಶಾಲೆಗಳಲ್ಲಿ ಹುಳ ಹಿಡಿದು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಮಕ್ಕಳಿದ್ದಾರೆ. ಅವರಲ್ಲಿ ಒಬ್ಬಳಾದರೂ ಆ ಕುರ್ಚಿಗೆ ಹೋಗಿ ಕೂರಲಿ. ಅವಳ ಅಪ್ಪ ಅವ್ವ 'ಹುಳ ನೋಡಿದ್ರ ಹೊಟ್ಟಿ ತುಂಬತೈತೇನು' ಎಂದು ತಡೆಯದಿರಲಿ.

ನಿನಗೆ ಹೇಳಿದ್ದನ್ನೇ ಇದನ್ನು ಓದುವವರಿಗೂ ಹೇಳಿ ಮುಗಿಸುತ್ತೇನೆ. ಅಣ್ಣ, ಅಕ್ಕ, ಈ ಸಲ ಮೆಣಸಿನ ಗಿಡ ಮುದುಡಿದರೆ ಅಂಗಡಿಗೆ ಹೋಗುವ ಮೊದಲು ಒಂದು ಎಲೆ ಕಿತ್ತು ನೋಡಿರಿ. ಅಂಚು ಮೇಲಕ್ಕೋ ಕೆಳಕ್ಕೋ ನೋಡಿರಿ. ಶಾಲೆ ಕಲಿಯುವ ಮಗುವಿನ ಕೈಗೆ ಭೂತಗನ್ನಡಿ ಕೊಟ್ಟು ಎಲೆಯ ಹಿಂದಿನ ನುಸಿಗೆ ಎಷ್ಟು ಕಾಲು ಎಂದು ಎಣಿಸಲು ಹೇಳಿರಿ. ಆರೋ ಎಂಟೋ ತಿಳಿಯದಿದ್ದರೆ ಎಲೆಯನ್ನು ಕವರಿನಲ್ಲಿ ಹಾಕಿಕೊಂಡು ಕೃಷಿ ವಿಶ್ವವಿದ್ಯಾಲಯಕ್ಕೋ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಒಯ್ಯಿರಿ. ಎಣ್ಣೆ ಆಮೇಲೆ ಹೊಡೆಯಿರಿ.